ಟಕ್ ಪಾನ

ತೋರಣಗಲ್ಲಿನ ರೈಲ್ವೆ ಗೇಟು ದಾಟಿ ಎಡಕ್ಕೆ
ಮೂರನೆಯ ತಗಡಿನ ಶೆಡ್ಡು ನಮ್ಮದು.
ಬೋರ್ಡಿಲ್ಲ. ಒರಗಿಸಿಟ್ಟ ಹಳೇ ಟೈರಿನ ಮೇಲೆ
ಸುಣ್ಣದಲ್ಲಿ ಬರೆದ ಫೋನ್ ನಂಬರು,
ಕೊನೆಯ ಅಂಕಿಯನ್ನು ಅದಿರಿನ ಧೂಳು ತಿಂದಿದೆ.
ಆದರೂ ಬರುತ್ತವೆ ಟಿಪ್ಪರುಗಳು,
ಯಾವ ಬಣ್ಣದ್ದಾದರೂ ಕೆಂಪಾಗಿಯೇ.

ಕಲಂದರ್ ಮೇಸ್ತ್ರಿಗೆ ಕಿವಿ ಕೇಳುವುದಿಲ್ಲ.
ಮೂವತ್ತು ವರ್ಷ ಸುತ್ತಿಗೆ ಬಡಿದ ಸದ್ದು
ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದೆ.
ಚಾ ಅಂದರೆ ಜಾಕು ತಂದು ಕೊಡುತ್ತಾರೆ.
ಶೆಡ್ಡಿನಲ್ಲಿ ಬಾಯಿರುವ ಪಾನ ಒಂದೇ,
ನನ್ನ ಎದೆಮಟ್ಟದ ಉದ್ದ, ಅದಕ್ಕೊಂದು ಪೆಟ್ಟಿಗೆ,
ಪೆಟ್ಟಿಗೆಗೊಂದು ಬೀಗ, ಬೀಗದ ಕೈ ಅವರ ಉಡಿದಾರದಲ್ಲಿ.

ಅವತ್ತು ಶುಕ್ರವಾರ. ಅವರು ನಮಾಜಿಗೆ ಹೋಗುವಾಗ
ಮೊದಲ ಸಲ ಬೀಗದ ಕೈ ನನಗೆ ಕೊಟ್ಟರು.
ಕುರುಗೋಡಿನ ಹುಲುಗಪ್ಪನಿಗೆ ಅವಸರ,
ಸಂಡೂರಿಗೆ ಎರಡನೇ ಟ್ರಿಪ್ಪು.
ತುಕ್ಕು ಹಿಡಿದ ನಟ್ಟು, ಜಪ್ಪಯ್ಯ ಅಂದರೂ ಅಲುಗದು.
ನಾನು ಆ ಪಾನವನ್ನೇ ಹಾಕಿ
ಹಿಡಿಗೊಂದು ಪೈಪು ತೂರಿಸಿ
ಮೇಲೆ ಹತ್ತಿ ಕುಣಿದೆ.
ನಟ್ಟು ಬಿಟ್ಟಿತು. ಇಳಿಯುವಾಗ ಪಾನ
ಸಿಮೆಂಟಿನ ಮೇಲೆ ಬಿತ್ತು. ಎತ್ತಿ ಒರೆಸಿದೆ.
ತಿರುಗಿ ಬಿಗಿಯುವಾಗ ಟಕ್ ಅಂದಿತು,
ಸಡಿಲಾಯಿತೆಂದು ಬೈದಾರೆಂದು
ಹತ್ತಕ್ಕೂ ಇನ್ನೆರಡು ಜಗ್ಗು ಜಗ್ಗಿದೆ.

ಮರುದಿನ ಸಂಡೂರಿನ ಇಳಿಜಾರಲ್ಲಿ
ಗಾಲಿ ಗಾಡಿಯನ್ನು ಹಿಂದೆ ಹಾಕಿತು.
ಕರೆಯದ ನೆಂಟನ ಹಾಗೆ ತಾನೇ ಮುಂದಾಗಿ ಉರುಳಿ
ಮಿರ್ಚಿ ಅಂಗಡಿಯ ನೀರಿನ ಡ್ರಮ್ಮಿಗೆ ಗುದ್ದಿ ಮಲಗಿತು.
ಯಾರಿಗೂ ಏನೂ ಆಗಲಿಲ್ಲ.
ಯಾರಿಗೂ ಏನೂ ಆಗಲಿಲ್ಲ ಎಂದು
ನಾನು ಎಷ್ಟು ಸಲ ಹೇಳಿಕೊಂಡೆನೋ.

ಸಂಜೆ ಹುಲುಗಪ್ಪ ಬಂದ. ಬೈಯಲಿಲ್ಲ.
ಪೇಪರಿನಲ್ಲಿ ಸುತ್ತಿದ ಮುರುಕು ಸ್ಟಡ್ಡು
ಬೆಂಚಿನ ಮೇಲಿಟ್ಟು ಬೀಡಿ ಹಚ್ಚಿದ.
ಮೇಸ್ತ್ರಿ ಅದನ್ನು ನನ್ನ ಕೈಗಿಟ್ಟರು.
"ನೋಡು, ಕುತ್ತಿಗಿ ಹೆಂಗ ಸಣ್ಣಗಾಗೈತಿ.
ಕಬ್ಬಿಣನೂ ಜಗ್ಗಿದ್ರ ಜಗ್ಗತೈತಿ. ಹೇಳಂಗಿಲ್ಲ ಅಷ್ಟ."

ಪಾನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಯಿತು ಪರೀಕ್ಷೆಗೆ.
ಹತ್ತೊಂಬತ್ತು ದಿನಕ್ಕೆ ಚೀಟಿಯೊಂದಿಗೆ ಬಂತು:
ನೂರಕ್ಕೆ ಹನ್ನೊಂದು ಸುಳ್ಳು ಹೇಳುತ್ತಿತ್ತು, ಸರಿಮಾಡಿದೆ.
ಖರ್ಚು ನನ್ನ ಸಂಬಳದಲ್ಲಿ ಮುರಿಯಲಿಲ್ಲ ಅವರು.
ಮುರಿದಿದ್ದರೆ ಮರೆಯುತ್ತಿದ್ದೆ.

ಆಮೇಲೆ ಒಂದು ದಿನ ನನ್ನೆರಡೂ ಕಿವಿಗೆ
ಅರಳೆ ತುರುಕಿದರು. ಕೈ ಹಿಡಿದು
ಹಿಡಿಯ ನಟ್ಟನಡುವೆ ಇಟ್ಟರು.
ತುಂಬಿದ ಕೊಡ ಸೇದುವ ಹಾಗೆ
ಒಂದೇ ಸಮ, ಝಟ್ಟನೆ ಅಲ್ಲ.
ಒಂದು ನಟ್ಟಾದ ಮೇಲೆ ಅದರ ಎದುರಿನದು,
ಪಕ್ಕದ್ದು ಕಾಯಲಿ.
ಸದ್ದಿಲ್ಲದ ಆ ಶೆಡ್ಡಿನಲ್ಲಿ ಬೆವರಿಳಿಯುತ್ತ ಎಳೆದೆ, ಎಳೆದೆ,
ಅಂಗೈಯೊಳಗೆ ಯಾರೋ
ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು.
ಅವರ ತುಟಿ ಓದಿಕೊಂಡೆ:
"ಒಂದ ಸಲ ಹೇಳತೈತಿ. ಎಲ್ಡನೇ ಸಲ ಹೇಳಸಬ್ಯಾಡ."

ಈಗ ಬೀಗದ ಕೈ ನನ್ನ ಹತ್ತಿರ.
ಬಿಚ್ಚಲಿಕ್ಕೆ ಬೇರೆ ಪಾನ, ಎಷ್ಟೇ ಅವಸರವಿರಲಿ.
ಸಂಜೆ ಹಿಡಿಯನ್ನು ಹಿಂದಕ್ಕೆ ತಿರುವುತ್ತೇನೆ,
ಆರುನೂರರಿಂದ ಇಳಿದು ಇಳಿದು
ಕಟ್ಟಕಡೆಯ ಗೀಟಿನ ತನಕ, ಅದರಾಚೆಗಲ್ಲ.
ಒಳಗಿನ ಸ್ಪ್ರಿಂಗು ರಾತ್ರಿಯೆಲ್ಲ
ಹಲ್ಲು ಕಚ್ಚಿಕೊಂಡು ಮಲಗಬಾರದು.
ಡೀಸೆಲ್ಲಿನಲ್ಲಿ ಅದ್ದುವುದಿಲ್ಲ, ಒಣ ಬಟ್ಟೆಯಲ್ಲಿ ಒರೆಸುತ್ತೇನೆ.
ಹೊಸ ಹುಡುಗ ಜಂಬಣ್ಣ ನಿಂತು ನೋಡುತ್ತಾನೆ,
ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಹುಲುಗಪ್ಪ ಈಗಲೂ ಬರುತ್ತಾನೆ.
ಗಾಲಿ ಕಟ್ಟಿಸಿಕೊಂಡು ಹೋದವನು
ಐವತ್ತು ಕಿಲೋಮೀಟರ್ ಓಡಿಸಿ ಮರಳಿ ಬಂದು
ಇನ್ನೊಮ್ಮೆ ನೋಡಿಸುತ್ತಾನೆ, ಚಾ ಕುಡಿಯುತ್ತಾನೆ.
ಹೊರಡುವ ಮುಂಚೆ ನಾನೆಳೆದ ಹಳದಿ ಗೀಟುಗಳನ್ನು
ಒಂದೊಂದಾಗಿ ಮುಟ್ಟಿ ಎಣಿಸುತ್ತಾನೆ, ನನ್ನ ಮುಖ ನೋಡದೆ.
ನಿನ್ನೆ ಬಣ್ಣ ಇನ್ನೂ ಹಸಿಯಿತ್ತು,
ಹೆಬ್ಬೆರಳಿಗೆ ಹತ್ತಿತು.
ಒರೆಸಿಕೊಳ್ಳದೆ ಹಾಗೇ
ಸ್ಟೀರಿಂಗು ಹಿಡಿದ.