ಆರನೆಯ ಇಲಿ

ಕೊರಟಗೆರೆ ಬಸ್ಸಿನಿಂದ ಇಳಿದ ಲಕ್ಕಿಸೊಪ್ಪು
ಸಿಮೆಂಟಿನ ಚೀಲದಲ್ಲಿ ಬೆವರುತ್ತಿತ್ತು.
ತಂದವಳು ಗಂಗಹನುಮಕ್ಕ, ಸಿದ್ಧರಬೆಟ್ಟದ ತಪ್ಪಲಿನವಳು.
ಕೆ.ಜಿ.ಗೆ ನಲವತ್ತು, ಬಸ್ ಚಾರ್ಜು ಬೇರೆ,
ವೋಚರಿಗೆ ಹೆಬ್ಬೆಟ್ಟು.

ಕಾಲೇಜಿನ ಮೆಟ್ಟಿಲ ಕೆಳಗೆ, ನೆರಳಲ್ಲಿ, ಹತ್ತು ದಿನ ಒಣಗಿತು.
ಕುಟ್ಟಿ, ಜರಡಿ ಹಿಡಿದು, ಆಲ್ಕೋಹಾಲಿನಲ್ಲಿ ನೆನೆಹಾಕಿ
ಬತ್ತಿಸಿದೆವು ನುಸ್ರತ್ ಮೇಡಮ್ಮೂ ನಾನೂ.
ಒಂದು ಚೀಲ ಹಸಿರು ಕೊನೆಗೆ
ಬಟ್ಟಲ ತಳದಲ್ಲಿ ಸೀದ ಬೆಲ್ಲದಂಥ ಅಂಟು.
ಇಷ್ಟೇನಾ, ಅಂದೆ.
ಇಷ್ಟೇ, ಅಂದರು, ಮುಚ್ಚಳಕ್ಕೆ ತಾರೀಖು ಬರೆಯುತ್ತಾ.

ಆರಾರು ಇಲಿ, ಮೂರು ಗುಂಪು.
ಒಂದಕ್ಕೆ ಅಂಟು, ಒಂದಕ್ಕೆ ಅಂಗಡಿ ಮಾತ್ರೆ,
ಒಂದಕ್ಕೆ ಬರೀ ನೀರು.
ಆಮೇಲೆ ಎಲ್ಲಕ್ಕೂ ಹಿಂಗಾಲಿಗೆ ಸೂಜಿ.
ಹಿಡಿಯುವುದು ನನ್ನ ಕೆಲಸ. ಹೊಟ್ಟೆಯ ಬಿಸಿ ಅಂಗೈಗೆ,
ಪಾದ ಮಾತ್ರ ಪಾದರಸಕ್ಕೆ,
ಗಂಟೆಗೊಮ್ಮೆ, ಶಾಯಿಯ ಗೆರೆವರೆಗೆ.

ಬಾವು ಅಂದರೆ ರೋಗ ಅಲ್ಲ, ಚಿಕ್ಕರಂಗಯ್ಯ,
ಕಾವಲು, ಅಂದಿದ್ದರು ಮೇಡಮ್ಮು.
ನೊಂದ ಕಡೆಗೆ ರಕ್ತ ಆಳು ಕಳಿಸುತ್ತದಂತೆ.
ನನಗೆ ತಿಳಿದದ್ದಿಷ್ಟು:
ಜಗಳಕ್ಕೆಂದು ಓಡಿಬಂದ ನೆಂಟರು
ಜಗಳ ಮುಗಿದ ಮೇಲೂ ಪಡಸಾಲೆ ಬಿಟ್ಟೇಳದಿದ್ದರೆ
ಊದಿಕೊಳ್ಳುವುದು ಮನೆ.
ಸೊಪ್ಪು ಯಾರನ್ನೂ ಬೈಯುವುದಿಲ್ಲ.
ಊಟ ಆಯ್ತಲ್ಲ, ಹೊರಡಿ, ಅನ್ನುತ್ತದೆ.

ಮೂರನೆಯ ಗಂಟೆಗೆ ನೀರಿನ ಗುಂಪಿನ ಆರನೆಯದು
ನನ್ನ ಹೆಬ್ಬೆರಳಿಗೆ ಹಲ್ಲು ಊರಿತು.

ತೊಳೆದೆ. ಇಂಜೆಕ್ಷನ್ನೂ ಆಯಿತು.
ರಾತ್ರಿ ಮರಳೂರಿನ ಮನೆಯಲ್ಲಿ
ಬೆರಳು ಹಲಸಿನ ತೊಳೆಯಷ್ಟಾಗಿತ್ತು.
ಬೇಲಿಯ ಲಕ್ಕಿಯನ್ನೇ ಕಿತ್ತು, ಹರಳೆಣ್ಣೆ ಸವರಿ,
ಹಂಚಿನ ಮೇಲೆ ಬಾಡಿಸಿ ಕಟ್ಟಿದಳು ಇವಳು.
ಎಷ್ಟು ಗ್ರಾಂ? ಯಾರು ತೂಗಿದರು.
ಲೈಟು ಆರಿಸಿದ ಮೇಲೆ ಬೆರಳೊಳಗೆ ಯಾರೋ ಕದ ತಟ್ಟುತ್ತಿದ್ದರು,
ತಟ್ಟಿ, ತಟ್ಟಿ, ನಡುರಾತ್ರಿಗೆ ನಿಧಾನವಾದರು.

ನಿದ್ದೆ ಬರಲಿಲ್ಲ.
ಅಲ್ಲಿ, ಬಿ.ಎಚ್. ರಸ್ತೆಯ ಎರಡನೇ ಮಹಡಿಯಲ್ಲಿ,
ನೀರು ಕುಡಿದದ್ದು ಕಾಲು ನೆಕ್ಕುತ್ತಾ ಕೂತಿರುತ್ತದೆ,
ತಾನು ಯಾವ ಗುಂಪು ಅಂತ ಅದಕ್ಕೆ ಗೊತ್ತಿಲ್ಲ.
ಅದರ ಬಾವು ಬಾವಾಗಿಯೇ ಉಳಿದರೆ ತಾನೇ
ಮಿಕ್ಕವುಗಳದು ಇಳಿದದ್ದು ಲೆಕ್ಕಕ್ಕೆ?

ಇಳಿದಿತ್ತು. ನೂರಕ್ಕೆ ನಲವತ್ತೊಂದು.
ಮೇಡಮ್ಮು ಕಾರಿಡಾರಿನಲ್ಲಿ ಎಲ್ಲರಿಗೂ ಖಾರ ಹಂಚಿದರು.

ಮುಂದಿನ ಸೋಮವಾರ ಗಂಗಹನುಮಕ್ಕ ಬಂದಳು.
ಇಳೀತೇನಪ್ಪ?
ಹೆಬ್ಬೆರಳು ತೋರಿಸಿದೆ.
ನಿಂದಲ್ಲ. ಬರೇ ನೀರು ಕುಡುದ್ವಲ್ಲ, ಅವುಕ್ಕೇನ್ ಮಾಡುದ್ರಿ?
ತಕ್ಕಡಿಯ ಮುಳ್ಳು ನೋಡುತ್ತಾ ನಿಂತೆ.
ಅವಳು ಚೀಲಕ್ಕೆ ಕೈಹಾಕಿ
ಒಂದು ಹಿಡಿ ಎಳೆಸೊಪ್ಪು ತೂಕಕ್ಕೆ ಹಾಕದೆ
ಕಿಟಕಿಯ ಮೇಲಿಟ್ಟಳು, ಅವುಕ್ಕೆ, ಅಂತ.

ಕಿಟಕಿಯ ಆಚೆ ಬಿಸಿಲಲ್ಲಿ
ತೊಳೆದು ಬೋರಲು ಹಾಕಿದ ಪಂಜರಗಳು,
ಆರೂ ಒಣಗಿದ್ದವು.