ಹಗೇವು

ಕೆಳಗ ಲೇಥ್ ಅಂಗಡಿ, ಮ್ಯಾಲ ನಮ್ಮ ಆಫೀಸು.
ಬೆಳಗಾವಿ, ಉದ್ಯಮಬಾಗ, ಹಿಂದಿನ ಗಲ್ಲಿ.
ರಾತ್ರಿ ಎರಡಕ್ಕ ಲೇಥ್ ಸುಮ್ಮನಿರತೈತಿ,
ಆಗ ನನ್ನ ಸಿಂಕ್ ಸುರು.

ಹದಿನೇಳು ರೆಪಾಸಿಟರಿ. ಒಂದೊಂದರ ಬಾಗಿಲಿಗೂ ಹೋಗಿ
‘ನಿನ್ನೆ ಇಲ್ಲಿತನಕಾ ಒಯ್ದೇನಿ,
ಮುಂದಿಂದು ಕೊಡ್ರಿ’ ಅಂತ ಕೇಳೂದು.
ತಾಸಿಗೆ ಇಷ್ಟೇ ಸಲ ಕೇಳಬೇಕಂತ ಕಟ್ಟಳೆ.
ಮೀರಿದರ ಬಾಗಿಲು ಮುಚ್ಚತಾವ.
ನನ್ನ ಪ್ರೋಗ್ರಾಮು ಕಟ್ಟಿ ಮ್ಯಾಲ ಕುಂತು ಕಾಯತೈತಿ,
ಬಡ್ಡಿ ವಸೂಲಿಗೆ ಬಂದ ಪರಿಚಯದಾಂವನಂಗ.

ತಂದದ್ದೆಲ್ಲಾ ಸುರಿಯೂ ಜಾಗಕ್ಕ
ಬ್ಯಾರೇದವರು ವೇರ್‌ಹೌಸ್ ಅಂತಾರ.
ನಾ ಇಟ್ಟ ಹೆಸರು ಹಗೇವು.
ಅಥಣಿ ಕಡೆ, ಅಜ್ಜಿ ಓಣಿಯಾಗ, ನೆಲದ ಹೊಟ್ಟ್ಯಾಗ
ಜ್ವಾಳ ತುಂಬೂ ಕುಣಿ ಇತ್ತು.
ಬಾಯಿ ತೆಗೆದ ಕೂಡಲೆ ಯಾರೂ ಇಳೀತಿರಲಿಲ್ಲ;
ಹಗ್ಗಕ್ಕ ಕಂದೀಲ ಕಟ್ಟಿ ಬಿಡತಿದ್ರು.
ದೀಪ ಆರಿತಂದ್ರ, ಗಾಳಿ ಸರಿ ಇಲ್ಲ,
ಇನ್ನೊಂದು ತಾಸು ಬಿಡ್ರಿ.

ನನ್ನ ಕಾಳು ಅಂದ್ರ ಇಷ್ಟು: ಯಾರು, ಯಾವಾಗ,
ಎಷ್ಟು ಸಾಲು ಕೂಡಿಸಿದ್ರು, ಎಷ್ಟು ಕಳೆದ್ರು.
ಶ್ರೇಣಿಕ ಚೌಗುಲಾ ಆಫೀಸಿನ ಲ್ಯಾಪ್‌ಟಾಪಿನ್ಯಾಗ ಪೂರಾ ಹೆಸರು,
ಮನ್ಯಾಗ ಬರೇ ‘ಎಸ್‌ಸಿ’,
ಮೂಲ್ಯಾನ ಹಳೇ ಮಷೀನಿನ್ಯಾಗ ‘ರೂಟ್’.
ಮೂರು ಮಂದಿ ಅಂತ ಎಣಿಸಿ
ಟೀಮು ನಿಧಾನ ಅಂದಿತ್ತು ಚಾರ್ಟು.
ಮೂರನ್ನೂ ಒಬ್ಬನ್ನ ಮಾಡಿದೆ.
ಚಹಾ ಹೊತ್ತಿಗೆ ಅಂವ ಅಂದ:
‘ಅಂದ್ರ ಪಗಾರೂ ಕೂಡಿಸಿ ಕೊಡಸು.’

ನಸೀಮಾ ಸನದಿ ಹೆಸರಿನ ಮುಂದ
ಮೈನಸ್ ಎರಡು ಸಾವಿರದ ಮುನ್ನೂರಾ ಹನ್ನೊಂದು.
ಇಡೀ ತಿಂಗಳು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.
ಸೋಮವಾರ ಕುಲಗೋಡ ಸಾಹೇಬರು ಪಟ್ಟಿ ಕೇಳ್ಯಾರ,
ಮ್ಯಾಲಿಂದ ಕೆಳಗ.
ಕಟ್ಟಕಡೀಗೆ ಆಕಿ, ಕೆಂಪು ಅಕ್ಷರದಾಗ.

ಕೆಳಗ ಮೌನೇಶ ಬಡಿಗೇರ
ಹನ್ನೊಂದು ಕೇಜಿ ಉಕ್ಕಿನ ತುಂಡು ಕಟ್ಟತಾನ,
ಇಳಿಸೂವಾಗ ಒಂಬತ್ತು.
ಮೂಲ್ಯಾಗ ಗುಂಗುರು ಗುಂಗುರಾಗಿ ಬಿದ್ದದ್ದು,
ಇನ್ನೂ ಬೆಚ್ಚಗಿದ್ದದ್ದು, ಅಂವನ ದಿನದ ದುಡಿಮಿ.
‘ಎರಡು ಕೇಜಿ ಎಲ್ಲಿ ಕಳೆದ್ಯೋ’ ಅಂತ
ಇವತ್ತಿನತನಕಾ ಯಾರೂ ಕೇಳಿಲ್ಲ.

ಶನಿವಾರ ರಾತ್ರಿ ಸಿಂಕ್ ಅರ್ಧಕ್ಕ ನಿಂತಿತು.
ನಿನ್ನೆ ನಾ ಇಟ್ಟ ಗುರುತೇ ಅಲ್ಲಿಲ್ಲ.
ಯಾರೋ ಫೋರ್ಸ್ ಪುಷ್ ಮಾಡಿ
ಆದದ್ದನ್ನ ಆಗಿಲ್ಲ ಅನ್ನಿಸ್ಯಾರ.
ಅಲ್ಲಿ ಈಗ ಒಂದು ಶಾಣ್ಯಾ ಕಮಿಟ್: ‘ಸಣ್ಣ ತಿದ್ದುಪಡಿ’.
ಮೂಲ ಮರೆತದ್ದು ನನ್ನ ಕುಣಿಯಾಗ ಉಳಿದಿತ್ತು,
ನಸುಕಿನ ಮೂರೂ ಹತ್ತಕ್ಕ ನಸೀಮಾ ಬರೆದದ್ದು:
‘ಪಂಪಿನ ಒತ್ತಡದ ಲೆಕ್ಕ ಬುಡದಿಂದಲೇ ತಪ್ಪು.
ಇದನ್ನ ಬರೆದವರು ಪಂಪು ನೋಡಿಲ್ಲ.
ಎಲ್ಲಾ ತೆಗೀತೀನಿ.’

ಬರೆದವರು ಯಾರು ಅಂತ ನೋಡಿದೆ.
ನಾಲ್ಕು ವರ್ಷದ ಹಿಂದಿನ ತಾರೀಖು.
ನಾ.

ಹೌದು, ಪಂಪು ನೋಡಿರಲಿಲ್ಲ.
ಆಕಿ ಬೆಳಗಾಗೂದರಾಗ ಮನಸು ಬದಲಿಸಿ
ಆ ಮಾತು ಅಳಿಸಿ ‘ಸಣ್ಣ’ ಅಂತ ಬರೆದಿದ್ದಳು,
ನನ್ನ ಸಲುವಾಗಿ ಇರಬೇಕು,
ಇಲ್ಲಾ ಬರೇ ದಣಿವು ಇರಬೇಕು; ಕೇಳಿಲ್ಲ.

ಮೂಲದಾಗ ಇಲ್ಲದ ಸಾಲು ಇಲ್ಲೂ ಇರಬಾರದು,
ಅದು ನಾನೇ ಹಾಕಿದ ನಿಯಮ.
ಆ ಒಂದು ಸಾಲಿಗೆ ಅದನ್ನ ನಡಸಲಿಲ್ಲ.
ಕೆಂಪು ಬಣ್ಣ ತೆಗೆದೆ. ಸೊನ್ನಿಯಿಂದ ಎಡಕ್ಕೂ
ಬಲಕ್ಕೂ ಒಂದೇ ಬಣ್ಣ ಇಟ್ಟೆ.
ಬೆಳಿಗ್ಗೆ ಮೌನೇಶ ಶಟರ್ ಎತ್ತಿದ ಸದ್ದಿಗೆ
ಸಾಹೇಬರಿಗೆ ಬರೆದೆ: ಪಟ್ಟಿ ಇವತ್ತ ಇಲ್ಲರಿ.
ಹಗೇವಿನ ಗಾಳಿ ಸರಿ ಇಲ್ಲ, ಇನ್ನೊಂದು ತಾಸು ಬಿಡ್ರಿ.

ಅವರು ಸರ್ವರ್ ತೊಂದರೆ ಅಂತ ತಿಳಕೊಂಡ್ರು.
‘ರೀಸ್ಟಾರ್ಟ್ ಮಾಡಿ ನೋಡು’ ಅಂದ್ರು.