ಮತ್ತು

ಡಬ್ಬಿಯ ಬೆನ್ನಿಗಂಟಿದ ಚೀಟಿ ಹೇಳಿದ್ದು ಇಷ್ಟೇ:
ಮಾಲ್ಟಿನ ಪಾಕ, ಮತ್ತು ಒಂದು ಕಿಲೋ ಸಕ್ಕರೆ,
ಮತ್ತು ಇಪ್ಪತ್ತಮೂರು ಲೀಟರ್ ನೀರು,
ಮತ್ತು ಮುಚ್ಚಳದಡಿಯ ಯೀಸ್ಟು, ಮತ್ತು ಹತ್ತು ದಿನ.
ಇಷ್ಟೊಂದು ಮತ್ತು ಸುರಿದೂ
ನನ್ನ ಬೀರಿಗೆ ಮತ್ತಿರಲಿಲ್ಲ.

ತೇಲುವ ಗಾಜಿನ ಕಡ್ಡಿ
ಸಾವಿರದ ಮೂವತ್ತೆಂಟರಲ್ಲಿ ನಿಂತದ್ದು
ಸಾವಿರದ ಒಂಬತ್ತಕ್ಕೆ ಮುಳುಗಿ ಸುಮ್ಮನಾಯಿತು.
ಲೆಕ್ಕ ಹಾಕಿದೆ: ನೂರಕ್ಕೆ ಮೂರೂ ಮುಕ್ಕಾಲು.
ಅಲ್ಯೂಮಿನಿಯಂ ಕುಲುಮೆಯಲ್ಲಿ ನನ್ನ ಜೊತೆ ಪಾಳಿ ಮಾಡುವ ತಮಾತಿ
ಒಂದು ಗುಟುಕು ಹೀರಿ, ಬೆಳಕಿಗೆ ಹಿಡಿದು ನೋಡಿ,
'ಬೀರು ಎಲ್ಲಿಗೋ ಹೋಗಿದೆ ಮಾರಾಯ,
ನೀನು ತುಂಬಿಸಿದ್ದು ಅದರ ನೆರಳು' ಅಂದ.

ಇನ್ವರ್‌ಕಾರ್ಗಿಲ್‌ನಲ್ಲಿ ಜುಲೈ.
ಧ್ರುವದಿಂದ ಹೊರಟ ಗಾಳಿಗೆ
ಮೊದಲು ಸಿಗುವುದು ನಮ್ಮ ಬೇಲಿಯೇ ಎಂದು
ನಮ್ಮ ಬೀದಿಯ ಜಂಬ.
ಬಿಸಿನೀರಿನ ಹಂಡೆ ಇರುವ ಕಪಾಟಿನಲ್ಲಿ,
ಟವೆಲುಗಳ ನಡುವೆ, ಎರಡನೇ ಬಕೆಟ್ಟು ಕೂರಿಸಿದೆ.
ಈ ಸಲ ಸಕ್ಕರೆ ಮೂರು ಕಿಲೋ.
ಕಡ್ಡಿ ಸಾವಿರದ ಎಪ್ಪತ್ತೆರಡರಲ್ಲಿ ತಲೆಯೆತ್ತಿದಾಗ
ಹೆತ್ತವನಂತೆ ಬೀಗಿದೆ.

ಆಮೇಲಿನದು ಹೇಳಬಾರದು.
ಯೀಸ್ಟು ಏದುಸಿರು ಬಿಟ್ಟಿತು.
ಬೀರು ತೆಳ್ಳಗೆ, ಖಾರವಾಗಿ,
ಬಾಗಿಲಿಗೆ ಬಳಿಯುವ ಬಣ್ಣದ ತಮ್ಮನಂತೆ.
ಅವಸರದಲ್ಲಿ ಬಾಟಲಿಗೆ ತುಂಬಿದ್ದು
ಒಂದು ರಾತ್ರಿ ಸಿಡಿದವು, ಐದು, ಒಂದರ ಹಿಂದೊಂದು.
ಬೆಳಿಗ್ಗೆ ನನ್ನ ಕೆಲಸದ ಅಂಗಿಯ ತುಂಬ ಗಾಜು.

ಸದ್ದಿಗೆ ಬಂದವರು ಪಕ್ಕದ ಮನೆಯ ನೊಯ್ಲೀನ್,
ಎಪ್ಪತ್ತಾರು ವರ್ಷ, ಕೈಯಲ್ಲಿ ಕಸಬರಿಗೆ.
ಗುಡಿಸುತ್ತಲೇ ಪಾಠ:
'ಸಕ್ಕರೆ ಅಮಲು ಕೊಡುತ್ತದೆ, ಮೈ ಕೊಡುವುದಿಲ್ಲ.
ಅದರ ಜಾಗಕ್ಕೆ ಇನ್ನೊಂದು ಡಬ್ಬಿ ಮಾಲ್ಟು ಹಾಕು.
ಯೀಸ್ಟು ಎರಡು ಪೊಟ್ಟಣ, ಉಗುರುಬೆಚ್ಚಗಿನ ನೀರಲ್ಲಿ ಎಬ್ಬಿಸಿ ಹಾಕು.
ನಿದ್ದೆಗಣ್ಣಲ್ಲಿ ಯಾರೂ ದುಡಿಯುವುದಿಲ್ಲ.
ಕಡ್ಡಿ ಮೂರು ದಿನ ಒಂದೇ ಕಡೆ ನಿಲ್ಲುವವರೆಗೆ ಬಾಟಲಿ ಮುಟ್ಟಬೇಡ.
ಎಲ್ಲಕ್ಕಿಂತ ಮೊದಲು, ನೀರು.
ಇಪ್ಪತ್ತಮೂರು ಅಂತ ಬರೆದವನು ನಿನ್ನ ಮಾವನೇನು?
ಹದಿನೇಳಕ್ಕೆ ನಿಲ್ಲಿಸು.'

ಇಷ್ಟೆಲ್ಲ ಹೇಗೆ ಗೊತ್ತು, ಕೇಳಿದೆ.
ಕಸಬರಿಗೆ ನಿಂತಿತು.
'ಆಥಲ್ ವಾರಕ್ಕೊಂದು ಬಕೆಟ್ ಕುಡಿಯುತ್ತಿದ್ದ.
ಮಾಂಸದ ಕಾರ್ಖಾನೆಯ ಚಾಕು ಹಿಡಿದ ಕೈ,
ಸಂಜೆಯಾದರೆ ಯಾವುದರ ಮೇಲೆ ಬೀಳುತ್ತದೋ ಹೇಳಲಾಗದು.
ಅವನು ಮಲಗಿದ ಮೇಲೆ ನಾನು ಕಪಾಟು ತೆರೆಯುತ್ತಿದ್ದೆ.
ಮೊದಲ ವರ್ಷ ಅರ್ಧ ಜಗ್ಗು ನೀರು. ಆಮೇಲೆ ಒಂದು.
ಮಾಲ್ಟನ್ನು ಚಮಚದಲ್ಲಿ ಕದ್ದು ಗಂಜಿಗೆ ಹಾಕಿಕೊಂಡೆ.
ಗಟ್ಟಿ ಮಾಡುವ ದಾರಿ ಒಂದೊಂದೂ ನನಗೆ ಗೊತ್ತು,
ಒಂದೊಂದರಲ್ಲೂ ಹಿಂದಕ್ಕೆ ನಡೆದಿದ್ದೇನೆ.
ಕೊನೆಕೊನೆಗೆ ಅದು ಬರೀ ಕಂದು ನೀರು.
ಅವನೋ, ಊರಲ್ಲೇ ಗಟ್ಟಿ ಬೀರು ತನ್ನದೆಂದು
ಸಾಯುವ ತನಕ ಮೀಸೆ ತಿರುವಿದ.'

ಹತ್ತೊಂಬತ್ತು ವರ್ಷ ಹುದುಗಿಟ್ಟದ್ದು
ಒಂದು ಗುಳ್ಳೆಯಷ್ಟೂ ಸದ್ದಿಲ್ಲದೆ ಹೊರಬಂತು.
ನಾನು ಗಾಜಿನ ಚೂರು ಆರಿಸುತ್ತ ಕೂತೆ.

ಸೆಪ್ಟೆಂಬರಿನಲ್ಲಿ ಮೊದಲ ಬಾಟಲಿ ಅವರಿಗೇ ತೆರೆದೆ.
ಸಾವಿರದ ಅರವತ್ತರಿಂದ ಹದಿನಾಲ್ಕಕ್ಕೆ ಇಳಿದದ್ದು.
ನಾನು ಹೇಳಿರಲಿಲ್ಲ.
ನಾಲಿಗೆಯ ತುದಿಗೆ ತಾಗಿಸಿ 'ಆರು' ಅಂದರು,
ಕಡ್ಡಿಗಿಂತ ಬೇಗ.
ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿ,
ನೊರೆಯನ್ನು ತುಟಿಯಲ್ಲೇ ಬಿಟ್ಟು ಕೇಳಿದರು:
'ಯಾರಿಗೋಸ್ಕರ ಇಷ್ಟು ಗಟ್ಟಿ?'

ತಮಾತಿಯ ಹೆಸರು ಹೇಳಿದೆ.
ನನ್ನ ಕೈ ನೋಡಿದರು, ಬಲಗೈ,
ನೋಡಿಯೇ ಇದ್ದರು.
ಕಪಾಟಿನಲ್ಲಿ ಹೊಸ ಬಕೆಟ್ಟು
ಗುಳುಕ್ ಅಂದಿತು.
ಸ್ವಲ್ಪ ತಡೆದು, ಮತ್ತೆ.